ಗಾಡಿ ಬಂತು, ನೀರು ಎಲ್ಲಿಂದ?

ತಾಲ್ಲೂಕು ಕೇಂದ್ರಗಳ ಅಗ್ನಿಶಾಮಕ ಠಾಣೆಗಳ ವಾಹನ ಮತ್ತು ಸಲಕರಣೆಗಳ ಬಗ್ಗೆ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆರಿಸಿಕೊಳ್ಳಲಾಗಿದೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ನಮ್ಮ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ಫೈರ್ ಇಂಜಿನ್ ಬಂದು ಹತ್ತು ನಿಮಿಷ ನೀರು ಹೊಡೆದು, ನೀರು ಮುಗಿಯಿತೆಂದು ತುಂಬಿಸಿಕೊಳ್ಳಲು ಹೊರಟುಹೋಯಿತು. ಮರಳಿ ಬರುವಷ್ಟರಲ್ಲಿ ಮೆದೆ ಪೂರ್ತಿ ಬೂದಿಯಾಗಿತ್ತು. ಅಷ್ಟು ದೊಡ್ಡ ಗಾಡಿಯಲ್ಲಿ ಅರ್ಧ ಗಂಟೆಗಾದರೂ ಆಗುವಷ್ಟು ನೀರು ತರಬಾರದೇ?
— ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಸಿಟ್ಟು ಸಹಜವಾದದ್ದೇ. ಆದರೆ ಆ ಹತ್ತು ನಿಮಿಷದ ಲೆಕ್ಕವನ್ನು ಬಿಡಿಸಿ ನೋಡಿದರೆ ಗಾಡಿಯವರು ನೀರು ಕಡಿಮೆ ತಂದರು ಎನ್ನುವ ಅನುಮಾನ ನಿಲ್ಲುವುದಿಲ್ಲ. ತಾಲ್ಲೂಕು ಠಾಣೆಯ ದೊಡ್ಡ ಜಲವಾಹನದ ಟ್ಯಾಂಕು ಹೆಚ್ಚಾಗಿ 4,500 ಲೀಟರಿನದು. ವಾಹನದ ಇಂಜಿನ್ನಿನ ಬಲದಿಂದಲೇ ತಿರುಗುವ ಅದರ ಪಂಪು ನಿಮಿಷಕ್ಕೆ 2,250 ಲೀಟರ್ ನೀರು ಹೊರಹಾಕಬಲ್ಲದು. ಅಂದರೆ ಪಂಪಿನ ಪೂರ್ಣ ಶಕ್ತಿಯನ್ನು ಬಳಸಿದರೆ ಟ್ಯಾಂಕು ಎರಡೇ ನಿಮಿಷದಲ್ಲಿ ಬರಿದಾಗುತ್ತದೆ. ಹಾಗೆ ಯಾರೂ ಬಳಸುವುದಿಲ್ಲ. 63 ಮಿಲಿಮೀಟರ್ ಹೋಸಿನ ತುದಿಗೆ 20 ಮಿಲಿಮೀಟರ್ ನಾಝಲ್, ಅಂದರೆ ಧಾರೆ ಹೊರಡುವ ಮೂತಿ, ಹಾಕಿ, ಅಲ್ಲಿ ಮೂರೂವರೆ ಬಾರ್ ಒತ್ತಡ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಇಟ್ಟರೆ ನಿಮಿಷಕ್ಕೆ ಸುಮಾರು 500 ಲೀಟರ್ ಹೋಗುತ್ತದೆ. ಒಂದೇ ಸಾಲು ಹಿಡಿದರೂ ಒಂಬತ್ತು ನಿಮಿಷಕ್ಕೆ ನೀರು ಖಾಲಿ. ನೀವು ಕಂಡದ್ದು ಬಹುಮಟ್ಟಿಗೆ ಇದನ್ನೇ. ಅದೇ ಒತ್ತಡದಲ್ಲಿ 12 ಮಿಲಿಮೀಟರ್ ನಾಝಲ್ ಹಾಕಿದರೆ ನಿಮಿಷಕ್ಕೆ 180 ಲೀಟರಿನಂತೆ ಇಪ್ಪತ್ತೈದು ನಿಮಿಷ ಸಿಗುತ್ತದೆ. ಗಾಡಿಯ ಹಿಂಬದಿಯಲ್ಲಿ ರಾಟೆಗೆ ಸುತ್ತಿರುವ ತೆಳುವಾದ ಹೋಸ್ ರೀಲನ್ನು ನಿಮಿಷಕ್ಕೆ 100 ಲೀಟರಿನ ಮಟ್ಟದಲ್ಲಿ ಬಳಸಿದರೆ ಮುಕ್ಕಾಲು ಗಂಟೆ ಸಿಗುತ್ತದೆ. ಯಾವುದನ್ನು ಆರಿಸಬೇಕೆಂಬುದು ಬೆಂಕಿಯನ್ನು ಕಂಡೊಡನೆ ಠಾಣಾಧಿಕಾರಿ ಮಾಡಬೇಕಾದ ತೀರ್ಮಾನ. ಊರಿನವರ ಕೂಗಾಟಕ್ಕೆ ಮಣಿದು ದೊಡ್ಡ ಧಾರೆಯನ್ನೇ ಬಿಡುವುದುಂಟು. ನೋಡುವವರಿಗೆ ಅದು ಕೆಲಸ ನಡೆಯುತ್ತಿರುವಂತೆ ಕಾಣುತ್ತದೆ, ನೀರು ಮಾತ್ರ ಪೋಲಾಗುತ್ತದೆ.

ಇನ್ನು, ಹೆಚ್ಚು ನೀರು ಏಕೆ ತರುವುದಿಲ್ಲ ಎಂಬ ಮಾತು. 4,500 ಲೀಟರ್ ನೀರೆಂದರೆ ನಾಲ್ಕೂವರೆ ಟನ್ ಭಾರ. ಅದರ ಮೇಲೆ ಪಂಪು, ಹೋಸುಗಳು, ಏಣಿ, ಆರೇಳು ಮಂದಿ ಸಿಬ್ಬಂದಿ. ನೀರು ಸುಮ್ಮನೆ ಕೂರುವ ಸರಕಲ್ಲ, ತಿರುವಿನಲ್ಲಿ ಒಂದು ಬದಿಗೆ ನುಗ್ಗಿ ಗಾಡಿಯನ್ನೇ ವಾಲಿಸುತ್ತದೆ. ಅದಕ್ಕಾಗಿ ಟ್ಯಾಂಕಿನೊಳಗೆ ಅಡ್ಡ ತಗಡುಗಳನ್ನು ಕೂರಿಸಿರುತ್ತಾರೆ; ಹಾಗಿದ್ದೂ ಅರ್ಧ ತುಂಬಿದ ಟ್ಯಾಂಕಿನ ಗಾಡಿಯನ್ನು ಓಡಿಸುವುದು ಪೂರ್ತಿ ತುಂಬಿದ್ದನ್ನು ಓಡಿಸುವುದಕ್ಕಿಂತ ಕಷ್ಟ. ಹತ್ತು ಸಾವಿರ ಲೀಟರಿನ ದೊಡ್ಡ ವಾಹನಗಳೂ ಇವೆ, ಆದರೆ ಅವನ್ನು ನಾಲೆಯ ಏರಿಯ ಮೇಲೆ, ಹಳ್ಳಿಯ ಮೋರಿ ಸೇತುವೆಗಳ ಮೇಲೆ ಹಾಯಿಸುವ ಧೈರ್ಯ ಮಾಡುವ ಚಾಲಕ ಕಡಿಮೆ.

ಮೆದೆಯ ಬೆಂಕಿಯ ಸ್ವಭಾವವೇ ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಭತ್ತದ ಹುಲ್ಲಿನ ಮೇಲ್ಮೈಯಲ್ಲಿ ಮೇಣದಂಥ ಪದರವಿರುವುದರಿಂದ ಒತ್ತಾಗಿ ಒಟ್ಟಿದ ಮೆದೆಯ ಮೇಲೆ ಹೊಡೆದ ನೀರು ಒಳಗೆ ಇಳಿಯದೆ ಹೊರಗಡೆಯೇ ಜಾರಿ ಹೋಗುತ್ತದೆ. ಒಳಗೆ ಕೆಂಡ ಹಾಗೇ ಉಳಿದು ಗಂಟೆಗಟ್ಟಲೆ ಹೊಗೆಯಾಡುತ್ತದೆ. ಬಲವಾದ ಧಾರೆ ಬಿದ್ದರಂತೂ ಉರಿಯುವ ಹುಲ್ಲು ಹಾರಿ ಪಕ್ಕದ ಮೆದೆಗೆ ತಗಲುತ್ತದೆ. ಆದ್ದರಿಂದ ನೀರನ್ನು ತುಂತುರಾಗಿ ಹಿಡಿದು, ಉಳಿದಿರುವ ಭಾಗವನ್ನು ಕೊಕ್ಕೆಯಿಂದಲೋ ಜೆಸಿಬಿಯಿಂದಲೋ ಎಳೆದು ಬೇರ್ಪಡಿಸಿ, ಕೆದಕಿ, ಹರಡಿ ನಂದಿಸುವುದೇ ದಾರಿ. ಮೆದೆಯ ಬೆಂಕಿಯಲ್ಲಿ ಗಾಡಿಯ ನೀರಿಗಿಂತ ಊರಿನ ಜೆಸಿಬಿ ಹೆಚ್ಚು ಹುಲ್ಲನ್ನು ಉಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಠಾಣೆಗೆ ಕರೆ ಮಾಡುವಾಗಲೇ ಜೆಸಿಬಿಯವರಿಗೂ ಒಂದು ಕರೆ ಮಾಡಿ.

ಪ್ರಶ್ನೆ: 101 ಅಥವಾ 112, ಯಾವುದಕ್ಕೆ ಕರೆ ಮಾಡಬೇಕು?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಎರಡೂ ನಡೆಯುತ್ತವೆ. ನಿಮ್ಮ ತಾಲ್ಲೂಕು ಠಾಣೆಯ ನೇರ ದೂರವಾಣಿ ಸಂಖ್ಯೆಯನ್ನೂ ಮೊಬೈಲಿನಲ್ಲಿ ಉಳಿಸಿಕೊಂಡಿರಿ. ಕರೆಯಲ್ಲಿ ಏನು ಉರಿಯುತ್ತಿದೆ, ಯಾವ ಊರಿನ ಯಾವ ಬದಿ, ಗಾಡಿ ಎಲ್ಲಿಯವರೆಗೆ ಬರಬಲ್ಲದು, ನೀರು ಎಲ್ಲಿದೆ ಎಂಬ ನಾಲ್ಕು ವಿಷಯಗಳನ್ನು ಹೇಳಿ, ಮುಖ್ಯರಸ್ತೆಯ ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿ. ಒಂದೇ ಹೆಸರಿನ ಮೂರು ಹಳ್ಳಿಗಳಿರುವ ತಾಲ್ಲೂಕುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೋಬಳಿಯ ಹೆಸರನ್ನು ಮರೆಯಬೇಡಿ.

ಪ್ರಶ್ನೆ: ನಮ್ಮ ಮನೆ ಅಡಿಕೆ ತೋಟದ ನಡುವೆ, ಡಾಂಬರು ರಸ್ತೆಯಿಂದ ಸುಮಾರು 300 ಮೀಟರ್ ಒಳಗಿದೆ. ಜೀಪು ಬರುತ್ತದೆ, ಲಾರಿ ಬರುವುದಿಲ್ಲ. ಬೆಂಕಿ ಬಿದ್ದರೆ ನಮಗೇನು ಗತಿ? ಮನೆಯ ಕೆಳಗೆ ಕೆರೆಯೊಂದಿದೆ, ಅದರ ನೀರನ್ನು ಬಳಸಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕೆರೆ ಇರುವುದು ನಿಮ್ಮ ಅದೃಷ್ಟ. ಅಗ್ನಿಶಾಮಕ ದಳದ ಹೋಸುಗಳು ಹೆಚ್ಚಾಗಿ 15 ಅಥವಾ 30 ಮೀಟರ್ ಉದ್ದದ ತುಂಡುಗಳಾಗಿರುತ್ತವೆ. ಒಂದರ ಗಂಡು ತುದಿಯನ್ನು ಇನ್ನೊಂದರ ಹೆಣ್ಣು ತುದಿಗೆ ಒತ್ತಿದರೆ ಸ್ಪ್ರಿಂಗಿನ ಕೊಕ್ಕೆ ಟಕ್ಕೆಂದು ಕೂರುತ್ತದೆ, ತಿರುಗಿಸುವ ಕೆಲಸವಿಲ್ಲ. ಹಾಗಾಗಿ 300 ಮೀಟರಿಗೆ 15 ಮೀಟರಿನ ಇಪ್ಪತ್ತು ತುಂಡುಗಳು ಬೇಕು. ಒಂದು ಗಾಡಿಯಲ್ಲಿ ಅಷ್ಟು ಇರಲಾರದು, ಎರಡನೆಯ ಗಾಡಿಯದ್ದನ್ನೂ ಜೋಡಿಸಬೇಕಾಗುತ್ತದೆ. ದೂರ ಹೆಚ್ಚಿದಂತೆ ಒತ್ತಡವೂ ಕುಸಿಯುತ್ತದೆ. 63 ಮಿಲಿಮೀಟರ್ ಹೋಸಿನಲ್ಲಿ ನಿಮಿಷಕ್ಕೆ 500 ಲೀಟರ್ ಹರಿಸಿದರೆ ಪ್ರತಿ 100 ಮೀಟರಿಗೆ ಒಂದು ಬಾರ್‌ಗಿಂತ ತುಸು ಹೆಚ್ಚು ಒತ್ತಡ ಘರ್ಷಣೆಯಲ್ಲಿಯೇ ಹೋಗುತ್ತದೆ, ಹರಿವನ್ನು ಇಮ್ಮಡಿ ಮಾಡಿದರೆ ನಷ್ಟ ನಾಲ್ಮಡಿಯಾಗುತ್ತದೆ. ಇದಲ್ಲದೆ ಹತ್ತು ಮೀಟರ್ ಎತ್ತರಕ್ಕೆ ಇನ್ನೊಂದು ಬಾರ್. ನಿಮ್ಮಂಥ ಮನೆಗೆ ಕಡಿಮೆ ಹರಿವಿನ ಸಣ್ಣ ನಾಝಲ್ಲೇ ಸರಿ.

ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಪೋರ್ಟಬಲ್ ಪಂಪ್, ಅಂದರೆ ನಾಲ್ಕು ಜನ ಹಿಡಿಕೆ ಹಿಡಿದು ಹೊತ್ತೊಯ್ಯುವ ಇಂಜಿನ್ ಪಂಪು. ಇದರ ಚಿಕ್ಕ ಮಾದರಿ ನಿಮಿಷಕ್ಕೆ ಸುಮಾರು 275 ಲೀಟರ್ ಕೊಡುತ್ತದೆ. ಅದನ್ನು ಕೆರೆಯ ದಡದಲ್ಲಿ ಇಟ್ಟರೆ ರಸ್ತೆಯ ಗೊಡವೆಯೇ ಇಲ್ಲ, ಕೆರೆ ಬತ್ತುವವರೆಗೆ ನೀರು ಮುಗಿಯುವ ಮಾತೂ ಇಲ್ಲ. ಜೀಪಿನಷ್ಟೇ ಅಗಲದ ಮಿನಿ ಜಲವಾಹನವಿರುವ ಠಾಣೆಗಳೂ ಇವೆ. ಅದರಲ್ಲಿ ನೀರು ಕಡಿಮೆ, ಆದರೆ ಬೇಗ ತಲಪುತ್ತದೆ, ಪುಟ್ಟ ಬೆಂಕಿಯನ್ನು ಪುಟ್ಟದಾಗಿದ್ದಾಗಲೇ ಮುಗಿಸುತ್ತದೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಿಗಾಗಿ ತಂದಿರುವ 90 ಮೀಟರ್ ಏಣಿಯ ವಾಹನದ ಚಿತ್ರವನ್ನು ನೋಡಿ ನಮ್ಮ ತಾಲ್ಲೂಕಿಗೂ ಅಂಥದ್ದು ಬೇಕೆಂದು ಬರೆದವರಿದ್ದಾರೆ. ಮಲೆನಾಡಿನ ತಾಲ್ಲೂಕಿಗೆ ನಾನು ಕೇಳುವುದಾದರೆ ಮಿನಿ ವಾಹನವೊಂದು, ಹೊತ್ತೊಯ್ಯುವ ಪಂಪುಗಳು ಎರಡು.

ಕೆರೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳಿದರೂ ಅದು ಮಾಡುವುದು ಸಕ್ಷನ್ ಪೈಪಿನೊಳಗಿನ ಗಾಳಿಯನ್ನು ತೆಗೆಯುವುದನ್ನು ಮಾತ್ರ. ನೀರನ್ನು ಮೇಲಕ್ಕೆ ನೂಕುವುದು ಹೊರಗಿನ ವಾಯುವಿನ ಒತ್ತಡ. ಸಮುದ್ರಮಟ್ಟದಲ್ಲಿ ಆ ಒತ್ತಡ ನೀರನ್ನು ಲೆಕ್ಕದ ಪ್ರಕಾರ 10.3 ಮೀಟರ್ ಎತ್ತಬಲ್ಲದು, ವಾಸ್ತವದಲ್ಲಿ ಸಿಗುವುದು ಏಳು, ಹೆಚ್ಚೆಂದರೆ ಎಂಟು ಮೀಟರ್. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಂಥ ಊರಿನಲ್ಲಿ ಇದರಿಂದ ಮತ್ತೆ ಒಂದೂಕಾಲು ಮೀಟರ್ ಕಳೆಯಬೇಕು. ಆದ್ದರಿಂದ ಬೇಸಿಗೆಯಲ್ಲಿ ನಿಮ್ಮ ಕೆರೆಯ ನೀರು ದಡದಿಂದ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಅಳೆದಿಟ್ಟುಕೊಳ್ಳಿ. ಪಂಪು ಇಡಲು ಗಟ್ಟಿ ನೆಲವಿರುವ ಒಂದು ಜಾಗವನ್ನೂ ಸವರಿ ಇಡಿ.

ಪ್ರಶ್ನೆ: ನಾನಿರುವ ಅಮೆರಿಕದ ಹಳ್ಳಿಗಾಡಿನಲ್ಲಿ ಸ್ವಯಂಸೇವಕರ ದಳದವರು ರಸ್ತೆಯ ಮೇಲೆಯೇ ಮಡಚುವ ತೊಟ್ಟಿಯೊಂದನ್ನು ಬಿಡಿಸಿ, ಟ್ಯಾಂಕರುಗಳಿಂದ ಅದಕ್ಕೆ ನೀರು ಸುರಿದು, ಅದರಿಂದ ಪಂಪು ಮಾಡುವುದನ್ನು ನೋಡಿದೆ. ನಮ್ಮೂರಿನಲ್ಲಿ ಗ್ರಾಮ ಪಂಚಾಯಿತಿಯ ನೀರಿನ ಟ್ಯಾಂಕರ್ ಇದೆ. ಅಲ್ಲಿಯೂ ಹೀಗೆ ಮಾಡಬಹುದಲ್ಲವೇ?
— ಓದುಗರೊಬ್ಬರು, ಟೆನ್ನೆಸ್ಸೀ; ಹುಟ್ಟೂರು ಹಾವೇರಿ ಜಿಲ್ಲೆ

ಉತ್ತರ: ಮಾಡಬಹುದು, ಮಾಡಲೇಬೇಕು. ಅಲ್ಲಿನ ಹಳ್ಳಿಗಾಡಿನಲ್ಲಿಯೂ ಬೀದಿಗೊಂದು ಹೈಡ್ರಂಟ್, ಅಂದರೆ ಬೆಂಕಿ ನಂದಿಸಲೆಂದೇ ಇರುವ ನೀರಿನ ಕೊಳಾಯಿ, ಇಲ್ಲ. ಹಾಗಾಗಿ ಬೆಂಕಿಯ ಬಳಿ ನಿಲ್ಲುವ ಗಾಡಿ ಬೇರೆ, ನೀರು ಹೊರುವ ಗಾಡಿ ಬೇರೆ ಎಂದು ಕೆಲಸವನ್ನು ಹಂಚಿಕೊಂಡಿದ್ದಾರೆ. ನೀರು ಹೊರುವ ಗಾಡಿಯ ಹಿಂದೆ ದೊಡ್ಡ ಬಾಗಿಲಿನಂಥ ಕವಾಟವಿರುತ್ತದೆ, ಅದನ್ನು ತೆರೆದರೆ ಸಾವಿರಾರು ಲೀಟರ್ ನೀರು ನೋಡನೋಡುತ್ತಿದ್ದಂತೆ ತೊಟ್ಟಿಗೆ ಬೀಳುತ್ತದೆ, ಗಾಡಿ ಮತ್ತೆ ತುಂಬಿಸಿಕೊಳ್ಳಲು ಓಡುತ್ತದೆ. ಬೆಂಕಿಯ ಬಳಿಯ ಗಾಡಿ ಜಾಗ ಬಿಟ್ಟು ಕದಲುವುದಿಲ್ಲ. ಮೊದಲ ಪತ್ರದ ಓದುಗರು ಅನುಭವಿಸಿದ ತೊಂದರೆಯ ಮೂಲ ಇಲ್ಲಿಯೇ ಇದೆ: ನಮ್ಮಲ್ಲಿ ಎರಡೂ ಕೆಲಸವನ್ನು ಒಂದೇ ಗಾಡಿ ಮಾಡುತ್ತದೆ, ಅದು ನೀರಿಗೆ ಹೋದಾಗ ಪಂಪು, ಹೋಸು, ಸಿಬ್ಬಂದಿ ಎಲ್ಲವೂ ಅದರ ಜೊತೆ ಹೋಗುತ್ತವೆ.

ಪಂಚಾಯಿತಿಯ ಟ್ರಾಕ್ಟರ್ ಟ್ಯಾಂಕರಿನಲ್ಲಿ ಸಾಮಾನ್ಯವಾಗಿ ನಾಲ್ಕೈದು ಸಾವಿರ ಲೀಟರ್ ಹಿಡಿಯುತ್ತದೆ, ಅಂದರೆ ಅದು ಇನ್ನೊಂದು ಜಲವಾಹನದ ನೀರಿಗೆ ಸಮ. ತೊಡಕಿರುವುದು ಅದರ ಬಾಯಿಯಲ್ಲಿ. ಬಿಂದಿಗೆ ಹಿಡಿಯಲೆಂದು ಮಾಡಿದ ಎರಡು ಇಂಚಿನ ನಲ್ಲಿಯಿಂದ ಅಷ್ಟು ನೀರು ತಾನಾಗಿ ಇಳಿಯಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಅಗ್ನಿಶಾಮಕ ಹೋಸಿನ ಜೋಡಣೆಯಂತೂ ಆ ನಲ್ಲಿಗೆ ಕೂರುವುದೇ ಇಲ್ಲ. ಹಿಂಬದಿಗೆ ನಾಲ್ಕು ಇಂಚಿನ ಒಂದು ಕವಾಟವನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಕೂರಿಸಬಹುದು; ಪಂಚಾಯಿತಿಗೆ ಅದು ದೊಡ್ಡ ಖರ್ಚಲ್ಲ. ಮಡಚುವ ತೊಟ್ಟಿ ಇಲ್ಲದಿದ್ದರೆ ಜೆಸಿಬಿಯಿಂದ ಗುಂಡಿ ತೋಡಿಸಿ ಗಟ್ಟಿ ತಾಡಪತ್ರಿ ಹಾಸಿದರೂ ನಡೆಯುತ್ತದೆ, ಇಲ್ಲವೇ ಟ್ಯಾಂಕರಿನ ಮೇಲಿನ ಮುಚ್ಚಳ ತೆಗೆದು ಸಕ್ಷನ್ ಪೈಪನ್ನು ನೇರವಾಗಿ ಇಳಿಸಬಹುದು.

ಇದೇ ಸಂದರ್ಭದಲ್ಲಿ ಕೃಷಿಹೊಂಡದ ವಿಷಯ. ಬೋರ್‌ವೆಲ್ ಇದೆಯಲ್ಲ, ಗಾಡಿಗೆ ಅಲ್ಲಿಯೇ ತುಂಬಿಸಿಕೊಳ್ಳಬಹುದು ಎಂದು ರೈತರು ಹೇಳುತ್ತಾರೆ. ನಿಮಿಷಕ್ಕೆ 200 ಲೀಟರ್ ಕೊಡುವ ಒಳ್ಳೆಯ ಬೋರ್‌ವೆಲ್ಲಿನಿಂದಲೂ 4,500 ಲೀಟರ್ ತುಂಬಲು 22 ನಿಮಿಷಕ್ಕಿಂತ ಹೆಚ್ಚು ಬೇಕು, ಅದೂ ಆ ಹೊತ್ತಿಗೆ ಕರೆಂಟ್ ಇದ್ದರೆ. ಬೆಂಕಿ ಬಿದ್ದಾಗ ಮೊದಲು ತೆಗೆಸುವುದೇ ಕರೆಂಟನ್ನು. ಕೃಷಿಹೊಂಡದ ಪಕ್ಕ ಗಾಡಿ ನಿಂತು ಸಕ್ಷನ್ ಪೈಪ್ ಬಿಟ್ಟರೆ ಪೈಪು ಜೋಡಿಸಿದ ಮೇಲೆ ಎರಡು ಮೂರು ನಿಮಿಷದ ಕೆಲಸ. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಪೈಪಿನ ತುದಿಯ ಜಾಲರಿ ಆ ಹಾಳೆಯನ್ನೇ ಹೀರಿಕೊಂಡು ನೀರು ಕಟ್ಟಾಗುತ್ತದೆ, ಹಾಳೆಯೂ ಹರಿಯುತ್ತದೆ. ಅದಕ್ಕೆ ಜಾಲರಿಯ ಹೊರಗೆ ಬುಟ್ಟಿಯೊಂದನ್ನು ತೊಡಿಸಿ, ತಳದಿಂದ ಮೇಲೆ ತೇಲುವಂತೆ ಹಗ್ಗ ಕಟ್ಟುತ್ತಾರೆ. ತೀರ ಮೇಲೆಯೂ ಬಿಡುವಂತಿಲ್ಲ. ಜಾಲರಿಯ ಮೇಲೆ ಒಂದಡಿಗಿಂತ ಹೆಚ್ಚು ನೀರಿಲ್ಲದಿದ್ದರೆ ಸುಳಿ ಬಿದ್ದು ಗಾಳಿ ಒಳಸೇರಿ ಪಂಪು ಕೈಕೊಡುತ್ತದೆ.

ಪ್ರಶ್ನೆ: ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಗಾಡಿಯವರು ಬದುವಿನ ಮೇಲೆಯೇ ನಿಂತು ನೀರು ಹೊಡೆದರು, ಒಳಗೆ ಹೋಗಲಿಲ್ಲ. ಏಕೆ?
— ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಹೋಗಿದ್ದರೆ ತಪ್ಪಾಗುತ್ತಿತ್ತು. ಬಲಿತ ಕಬ್ಬಿನ ರವದಿ (ಒಣಗಿದ ಗರಿ) ಹೊತ್ತಿಕೊಂಡರೆ ಗಾಳಿಯ ದಿಕ್ಕಿನಲ್ಲಿ ಮನುಷ್ಯ ಓಡುವುದಕ್ಕಿಂತ ವೇಗವಾಗಿ ಬೆಂಕಿ ಸಾಗಬಲ್ಲದು. ಒಳಗಿದ್ದವನಿಗೆ ಬೆಂಕಿ ಯಾವ ಕಡೆಯಿದೆ ಎಂಬುದೂ ಕಾಣುವುದಿಲ್ಲ. ಇಂಥಲ್ಲಿ ಗಾಳಿ ಬೀಸುವ ಕಡೆಗೆ, ಬೆಂಕಿಗಿಂತ ಸಾಕಷ್ಟು ಮುಂದೆ ಕಬ್ಬನ್ನು ಕಡಿದು ಅಥವಾ ಟ್ರಾಕ್ಟರಿನಿಂದ ಉರುಳಿಸಿ ಒಂದು ಪಟ್ಟಿಯನ್ನು ಖಾಲಿ ಮಾಡಿ, ಆ ಪಟ್ಟಿಯ ಅಂಚನ್ನು ತೋಯಿಸುತ್ತ ಕಾಯುವುದೇ ಸರಿಯಾದ ಕ್ರಮ. ಕಿಡಿ ಹಾರಿ ಈಚೆ ಬಿದ್ದರೆ ಅದನ್ನು ಬಡಿದು ಆರಿಸಲು ಉದ್ದ ಹಿಡಿಕೆಯ ತುದಿಗೆ ರಬ್ಬರ್ ಪಟ್ಟಿ ಜೋಡಿಸಿದ ಬಡಿಗೆಗಳಿರುತ್ತವೆ. ಇಲ್ಲದಿದ್ದರೆ ಹಸಿ ಸೊಪ್ಪಿನ ಕೊಂಬೆಯೇ ಸಾಕು. ನಿಮ್ಮ ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರ್ ನಿಮಿಷಕ್ಕೆ 20ರಿಂದ 40 ಲೀಟರ್ ಮಾತ್ರ ಕೊಡುತ್ತದೆಯಾದರೂ ಈ ಪಟ್ಟಿಯನ್ನು ಕಾಯುವ ಕೆಲಸಕ್ಕೆ ಅದು ಬಹಳ ಉಪಯುಕ್ತ. ಗಾಡಿ ಬರುವ ಮೊದಲೇ ಅದನ್ನು ಡ್ರಮ್ಮಿನೊಂದಿಗೆ ಟ್ರಾಕ್ಟರಿಗೆ ಏರಿಸಿ. ಸುಟ್ಟ ಕಬ್ಬನ್ನು ತಡಮಾಡದೆ ಕಾರ್ಖಾನೆಗೆ ಸಾಗಿಸಿ, ದಿನ ಕಳೆದಂತೆ ಸಕ್ಕರೆಯ ಅಂಶ ಇಳಿಯುತ್ತದೆ.

ಪ್ರಶ್ನೆ: ಬಾವಿಗೆ ಇಳಿದು ಉಸಿರುಗಟ್ಟಿದವರನ್ನು ಎತ್ತಲು ಬಂದ ಸಿಬ್ಬಂದಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದರು. ಅದರಲ್ಲಿ ಇರುವುದು ಆಮ್ಲಜನಕವೇ? ಎಷ್ಟು ಹೊತ್ತು ಬರುತ್ತದೆ?
— ಓದುಗರೊಬ್ಬರು, ಪುತ್ತೂರು

ಉತ್ತರ: ಅಲ್ಲ, ಅದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. 6.8 ಲೀಟರಿನ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,000 ಲೀಟರ್ ಗಾಳಿ ಹಿಡಿಯುತ್ತದೆ. ಶ್ರಮದ ಕೆಲಸದಲ್ಲಿ ನಿಮಿಷಕ್ಕೆ 40 ಲೀಟರ್ ಎಂದು ಲೆಕ್ಕ ಹಿಡಿದರೆ ಐವತ್ತು ನಿಮಿಷ. ಆದರೆ ಅಷ್ಟನ್ನೂ ಬಳಸುವಂತಿಲ್ಲ. ಒತ್ತಡ ಸುಮಾರು 55 ಬಾರ್‌ಗೆ ಇಳಿದಾಗ ಸೀಟಿ ತಾನಾಗಿ ಕೂಗತೊಡಗುತ್ತದೆ, ಆ ಹೊತ್ತಿಗೆ ಇಳಿದವನು ಮೇಲೆ ಬಂದಿರಬೇಕು.

ಇಲ್ಲಿ ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಒಬ್ಬ ಬಿದ್ದ ಬಾವಿಯಲ್ಲಿ ಅವನನ್ನು ಎತ್ತಲು ಇಳಿದ ಅಣ್ಣನೋ ಅಳಿಯನೋ ಸಾಯುವುದು ಪದೇ ಪದೇ ನಡೆಯುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಕೆಸರಿರುವಲ್ಲಿ ಹೈಡ್ರೋಜನ್ ಸಲ್ಫೈಡ್ ಇರಬಹುದು. ನೀರೆತ್ತಲು ಸೀಮೆಎಣ್ಣೆ ಅಥವಾ ಡೀಸೆಲ್ ಪಂಪನ್ನು ಬಾವಿಯೊಳಗೇ ಇಳಿಸಿ ಓಡಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ ಇವುಗಳಲ್ಲಿ ಯಾವುದನ್ನೂ ತಡೆಯುವುದಿಲ್ಲ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಆಮ್ಲಜನಕ ಕಡಿಮೆಯಿರುವುದನ್ನಷ್ಟೇ ತಿಳಿಸುತ್ತದೆ, ವಿಷಾನಿಲವನ್ನಲ್ಲ; ಉರಿಯುವ ಅನಿಲವಿದ್ದರೆ ಅದೇ ಅಪಾಯ. ದಳ ಬರುವವರೆಗೆ ಯಾರೂ ಇಳಿಯದಂತೆ ತಡೆಯುವುದು ಒಂದೇ ನೀವು ಮಾಡಬಹುದಾದ ಸಹಾಯ.

ಪ್ರಶ್ನೆ: ನಾನು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ಅಗ್ನಿಶಾಮಕ ವಾಹನದ ಎರಡೂ ಬದಿಯ ಪೆಟ್ಟಿಗೆಗಳಲ್ಲಿ ಏನೇನು ಇರುತ್ತದೆ?
— ವಿದ್ಯಾರ್ಥಿನಿಯೊಬ್ಬಳು, ಕೊಪ್ಪಳ

ಉತ್ತರ: ಪುಟ್ಟಿ, ಬದಿಯ ಬಾಗಿಲು ಎತ್ತಿದರೆ ಮೊದಲು ಕಾಣುವುದು ಸುರುಳಿ ಸುತ್ತಿದ ಹೋಸುಗಳು; ಅವುಗಳ ಪಕ್ಕದಲ್ಲಿ ನೀರಿನ ಧಾರೆಯನ್ನು ರೂಪಿಸುವ ಬ್ರಾಂಚುಗಳು, ಬೇರೆ ಬೇರೆ ಅಳತೆಯ ನಾಝಲ್‌ಗಳು, ಒಂದು ಸಾಲನ್ನು ಎರಡು ಮಾಡುವ ಕವಲು ಜೋಡಣೆ. ಇನ್ನೊಂದು ಬದಿಯಲ್ಲಿ ಕೊಡಲಿ, ಹಾರೆ, ಸುತ್ತಿಗೆ, ಮಾಡಿನ ಹೆಂಚು ಮತ್ತು ಹುಲ್ಲನ್ನು ಎಳೆಯುವ ಉದ್ದ ಕೊಕ್ಕೆ, ಹಗ್ಗಗಳು, ವಿದ್ಯುತ್ ನಿರೋಧಕ ರಬ್ಬರ್ ಕೈಗವಸು, ಟಾರ್ಚು. ಅಪಘಾತದಲ್ಲಿ ನಜ್ಜುಗುಜ್ಜಾದ ವಾಹನದ ಬಾಗಿಲನ್ನು ಕತ್ತರಿಸುವ, ಹಿಗ್ಗಿಸುವ ಹೈಡ್ರಾಲಿಕ್ ಉಪಕರಣವೂ ಈಗ ಹಲವು ಠಾಣೆಗಳಲ್ಲಿದೆ. ಪೆಟ್ರೋಲಿನ ಬೆಂಕಿಗೆ ನೊರೆ ಮಾಡುವ ದ್ರಾವಣದ ಕ್ಯಾನುಗಳಿರುತ್ತವೆ. ನೂರು ಭಾಗ ಮಿಶ್ರಣದಲ್ಲಿ 3 ಅಥವಾ 6 ಭಾಗ ಈ ದ್ರಾವಣ, ಉಳಿದದ್ದು ನೀರು. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಆಗ ಶಿಕ್ಷಕರೊಂದಿಗೆ ಠಾಣೆಗೆ ಹೋದರೆ ಇವೆಲ್ಲವನ್ನೂ ಹೊರಗಿಟ್ಟು ತೋರಿಸುತ್ತಾರೆ. ಹೋಸ್ ಜೋಡಿಸಿ ನೋಡಲು ಬಿಡಿ ಎಂದು ಕೇಳು.

ಪ್ರಶ್ನೆ: ಠಾಣೆಯಿಂದ ನಮ್ಮೂರು 38 ಕಿಲೋಮೀಟರ್. ಗಾಡಿ ಎಷ್ಟು ಹೊತ್ತಿಗೆ ಬರಬೇಕೆಂಬ ನಿಯಮವೇನಾದರೂ ಇದೆಯೇ?
— ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ಗ್ರಾಮೀಣ ಪ್ರದೇಶಕ್ಕೆ 20 ನಿಮಿಷ ಎಂಬುದು ರಾಷ್ಟ್ರಮಟ್ಟದ ಅಗ್ನಿಶಾಮಕ ಸಲಹಾ ಸಮಿತಿ ಇಟ್ಟುಕೊಂಡಿರುವ ಮಾನದಂಡ. ನೀರು ತುಂಬಿದ ಗಾಡಿ ನಮ್ಮ ರಸ್ತೆಗಳಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಿತೆಂದರೂ 20 ನಿಮಿಷಕ್ಕೆ ಹದಿನಾರು, ಹದಿನೇಳು ಕಿಲೋಮೀಟರ್ ಆಯಿತು; 38 ಕಿಲೋಮೀಟರಿಗೆ ಮುಕ್ಕಾಲು ಗಂಟೆ. ತಾಲ್ಲೂಕಿಗೊಂದು ಠಾಣೆ ಇದ್ದ ಮಾತ್ರಕ್ಕೆ ಈ ಮಾನದಂಡ ಎಲ್ಲ ಹಳ್ಳಿಗೂ ಸಿಗುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ನಿಮ್ಮ ಹೋಬಳಿ ಕೇಂದ್ರದಲ್ಲಿ ಒಂದು ಮಿನಿ ವಾಹನವನ್ನು ಬೇಸಿಗೆಯ ತಿಂಗಳುಗಳಲ್ಲಾದರೂ ನಿಲ್ಲಿಸುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗಳಿಗೂ ಕಳುಹಿಸಿ. ಪತ್ರದ ಜೊತೆ ಊರಿನ ಸುತ್ತ ಗಾಡಿ ತಲಪಬಲ್ಲ ಕೆರೆ, ಕೃಷಿಹೊಂಡ, ಕಾಲುವೆಗಳ ಪಟ್ಟಿಯನ್ನೂ, ಮಾರ್ಚ್‌ನಿಂದ ಮೇವರೆಗೆ ಅವುಗಳಲ್ಲಿ ಯಾವುದರಲ್ಲಿ ನೀರು ಉಳಿಯುತ್ತದೆ ಎಂಬುದನ್ನೂ ಬರೆದು ಲಗತ್ತಿಸಿ. ಅದರ ಒಂದು ಪ್ರತಿ ಠಾಣೆಯ ಗೋಡೆಯ ಮೇಲಿರಲಿ, ಇನ್ನೊಂದು ಗಾಡಿಯ ಚಾಲಕನ ಬಳಿ ಇರಲಿ.